ಕೆಂಪು ಬ್ಯಾಡ್ಜ್

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈ ವಾಯ್ಸ್ ನೋಟನ್ನು ಇಲ್ಲಿಗೇ ನಿಲ್ಲಿಸಿ, ಹೋಗಿ ಕಾಫಿ ಕುಡಿಯಿರಿ. ಹೋದ ಸಲ ಹೇಳಿದಾಗ ಗಾಡಿ ಬಿಳಿ, ಅಲ್ಲ ನೀಲಿ, ಮುದಿ ಡಾಕ್ಟರಿಗೆ ಮರೆವು ಎಂದು ತಕರಾರು ತೆಗೆದಿರಿ. ಗಾಡಿ ಬೂದು ಬಣ್ಣದ್ದು. ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯ ಆ ಹೋಟೆಲಿನಲ್ಲಿ ಚಿದಾನಂದನ ಎದುರು ಕುರ್ಚಿಯಲ್ಲಿ ಕೂತಿದ್ದವನು ನಾನು, ನೀವಲ್ಲ.

ಚಿದಾನಂದ ಹುಬ್ಬಳ್ಳಿಯವನು, ಹ್ಯೂಸ್ಟನ್ನಿನಲ್ಲಿ ಟೈಲ್ಸ್ ವ್ಯಾಪಾರ. ಒಬ್ಬಳೇ ಮಗಳು ನೇಹಾ ಆಸ್ಟಿನ್ನಿನಲ್ಲಿ ಓದಲು ಸೇರಿದಾಗ ಅವಳಿಗೊಂದು ಆಫ್‌ರೋಡ್ ಎಸ್‌ಯುವಿ ಕೊಡಿಸಲು ಹೊರಟ. ಒಂದೇ ಗಾಡಿ, ಎರಡು ಟ್ರಿಮ್, ಅಂದರೆ ಅಗ್ಗದ್ದೊಂದು, ದುಬಾರಿಯದೊಂದು. ಕೆಳಗಿನದಕ್ಕೂ ಅದೇ ಮುಖ, ಅದೇ ಬಾಗಿಲು. ಮೇಲಿನದಕ್ಕೆ ಎತ್ತರದ ಸಸ್ಪೆನ್ಷನ್, ದಪ್ಪ ಟೈರು, ಮೊಣಕಾಲು ಮೀರಿದ ನೀರನ್ನೂ ದಾಟಬಹುದೆಂಬ ಕಂಪನಿಯ ಮಾತು, ಮತ್ತು ಹಿಂಬಾಗಿಲ ಮೇಲೆ ಬೆಟ್ಟದ ಚಿತ್ರದ ಕೆಂಪು ಬ್ಯಾಡ್ಜ್. ನಮ್ಮ ಗುಂಪಿನ ಶ್ರೀನಾಥ, ಟೂತ್‌ಪೇಸ್ಟ್ ಕೊಳ್ಳಲೂ ಎಕ್ಸೆಲ್ ತೆರೆಯುವ ಎಂಜಿನಿಯರ್, ಮೇಲಿನದೇ ವ್ಯಾಲ್ಯೂ, ನಾಳೆ ಮಾರುವಾಗ ಬೆಲೆ ನಿಲ್ಲುತ್ತದೆ ಎಂದ.

"ಹ್ಯೂಸ್ಟನ್ನಾಗ ಗುಡ್ಡ ಅಂದ್ರ ಫ್ಲೈಓವರ್ ಒಂದ ಐತಿ" ಎಂದ ಚಿದಾನಂದ. "ಅದನ್ನ ಏರಾಕ ಅಷ್ಟು ರೊಕ್ಕ ಯಾಕಪಾ?"

"ಇರೋಳು ಒಬ್ಬಳು ಮಗಳು, ಅವಳ ಗಾಡೀಲೂ ಚೌಕಾಸಿನಾ?" ಎಂದ ಶ್ರೀನಾಥ. ಮಾತು ಅಲ್ಲಿಗೆ ನಿಂತಿತು.

ಕೆಲವು ದಿನಗಳ ನಂತರ ದೇವಸ್ಥಾನದ ಪಾರ್ಕಿಂಗಿನಲ್ಲಿ ಗಾಡಿ ಪೂಜೆ. ಟೈರಿನಡಿ ನಿಂಬೆಹಣ್ಣು ಚಪ್ಪಟೆಯಾಯಿತು, ಅವನ ಹೆಂಡತಿ ಹರ್ಷಿಣಿ ಕೆಂಪು ಬ್ಯಾಡ್ಜಿಗೂ ಕುಂಕುಮ ಹಚ್ಚಿದಳು. ಅಂತೂ ಟಾಪ್ ತೆಗೆದುಕೊಂಡಿರಿ ಎಂದು ಶ್ರೀನಾಥ ಬೆನ್ನು ತಟ್ಟಿದ. ಚಿದಾನಂದ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ, ಕೊಬ್ಬರಿ ಚೂರು ಹಂಚುತ್ತ ಹೋದ. ಅವನು ತಂದದ್ದು ಕೆಳಗಿನ ಟ್ರಿಮ್. ಬ್ಯಾಡ್ಜನ್ನು ಆನ್‌ಲೈನಿನಲ್ಲಿ ತರಿಸಿ, ಗ್ಯಾರೇಜಿನ ಬಾಗಿಲು ಹಾಕಿಕೊಂಡು ತಾನೇ ಅಂಟಿಸಿದ್ದ. ಇದು ಹೆಂಡತಿಗೆ ಗೊತ್ತಿಲ್ಲ, ಮಗಳಿಗೆ ಗೊತ್ತಿಲ್ಲ. ನಮಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಹೋಟೆಲಿನಲ್ಲಿ ನಾವು ನಾಲ್ಕಾರು ಜನ. ನಮ್ಮವರ ಅಭ್ಯಾಸ ನಿಮಗೆ ಗೊತ್ತೇ ಇದೆ, ಫೋನ್ ಬಂದರೆ ಕಿವಿಗೆ ಹಿಡಿಯುವುದಿಲ್ಲ, ಸ್ಪೀಕರಿಗೆ ಹಾಕಿ ಸಾಂಬಾರಿನ ಬಟ್ಟಲ ಪಕ್ಕ ಮಲಗಿಸುತ್ತೇವೆ. ನೇಹಾಳ ಫೋನ್ ಬಂದಾಗಲೂ ಹಾಗೆಯೇ ಆಯಿತು. ಆಸ್ಟಿನ್ನಿನ ಆಚೆ ಗುಡ್ಡದ ದಾರಿಯಲ್ಲಿ ಒಬ್ಬಳೇ ಇದ್ದೇನೆ, ಜೋರು ಮಳೆ, ಹಳ್ಳ ರಸ್ತೆಯ ಮೇಲೆ ಹರಿಯುತ್ತಿದೆ, ಮುಂದಿದ್ದ ಕಾರು ತಿರುಗಿಸಿಕೊಂಡು ಹೋಯಿತು ಎಂದಳು. ವೈಪರಿನ ಸದ್ದು ನಮಗೆಲ್ಲ ಕೇಳುತ್ತಿತ್ತು.

"ಅಪ್ಪಾ, ಇದು ಟಾಪ್ ಒನ್ ಹೌದಲ್ಲಾ? ಐ ಕ್ಯಾನ್ ಕ್ರಾಸ್, ರೈಟ್?"

ಶ್ರೀನಾಥ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಚಿದಾನಂದ ಫೋನನ್ನು ಕಸಿದು ಸ್ಪೀಕರ್ ಆರಿಸಿದ.

"ತಡೀವ್ವಾ, ಒಂದ್ ನಿಮಿಷ. ಹೊರಗ ಹೋಗಿ ಹೇಳ್ತೀನಿ."

ಬೇಡ ಎಂದರೆ ಯಾಕೆ ಎಂದು ಕೇಳುವ ಹುಡುಗಿ ಅವಳು. ಯಾಕೆ ಎಂಬುದನ್ನು ನಮ್ಮೆದುರು ಹೇಳಬೇಕಾಗುತ್ತಿತ್ತು. ಕುರ್ಚಿಗಳ ನಡುವೆ ನುಸುಳಿ ಹೊರಟ. ಬಾಗಿಲಲ್ಲಿ ಟೇಬಲ್ಲಿಗೆ ಕಾಯುವವರ ಗುಂಪು, ಮಕ್ಕಳ ತಳ್ಳುಗಾಡಿ ಬೇರೆ. ಅವರನ್ನೆಲ್ಲ ದಾಟಿ ಹೋದ. ಗಾಜಿನಾಚೆ ಅವನ ಬಾಯಿ ಆಡುವುದು ಕಂಡಿತು. ಆಮೇಲೆ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಮತ್ತೆ ಕಿವಿಗೆ ಹಚ್ಚಿದ. ಮತ್ತೆ ನೋಡಿದ. ಅವನು ಬಾಗಿಲು ದಾಟುವಷ್ಟರಲ್ಲೇ ಆ ಕಡೆ ಲೈನ್ ಕಡಿದಿತ್ತು.

ಮರುದಿನ ಅವಳ ದೇಹ ಸಿಕ್ಕಿತು, ಗಾಡಿ ಸಿಕ್ಕ ಜಾಗಕ್ಕಿಂತ ಎಷ್ಟೋ ಕೆಳಗೆ. ಗಾಡಿಯನ್ನು ಎಳೆದು ತಂದು ನಿಲ್ಲಿಸಿದ್ದ ಅಂಗಳಕ್ಕೆ ನಾನೂ ಶ್ರೀನಾಥನೂ ಅವನ ಜೊತೆ ಹೋದೆವು. ಕನ್ನಡಿ ಹೋಗಿತ್ತು, ಬಂಪರ್ ಹೋಗಿತ್ತು, ಸೀಟಿನ ಮೇಲೆ ಕೆಸರು. ಚಿದಾನಂದ ನೇರ ಹಿಂಬದಿಗೆ ನಡೆದು, ಮನೆಯ ಕೀಲಿಕೈಯಿಂದ ಬ್ಯಾಡ್ಜನ್ನು ಕೆರೆಯತೊಡಗಿದ.

"ಇದು ಡೂಪ್ಲಿಕೇಟ್ ಐತ್ರೀ ಡಾಕ್ಟ್ರ. ನಾನ ಹಚ್ಚೀನಿ."

ಅಂಥ ನೀರಿನಲ್ಲಿ ಟಾಪ್ ಟ್ರಿಮ್ ಕೂಡ ನಿಲ್ಲುತ್ತಿರಲಿಲ್ಲ, ಯಾವ ಗಾಡಿಯಾದರೂ ಕೊಚ್ಚಿಕೊಂಡೇ ಹೋಗುತ್ತಿತ್ತು ಎಂದು ಶ್ರೀನಾಥ ಸಮಾಧಾನ ಹೇಳಿದ. ಅದು ನಿಜವೂ ಹೌದು.

"ಗಾಡಿ ಮಾತಲ್ಲಪಾ" ಎಂದ ಚಿದಾನಂದ, ಕೆರೆಯುವುದನ್ನು ನಿಲ್ಲಿಸದೆ. "ಬ್ಯಾಡ ಅನ್ನೂದನ್ನ ಅಲ್ಲೇ ಕುಂತು ಅನಬೇಕಿತ್ತು."

ಸುತ್ತಲಿನ ಬಣ್ಣವೆಲ್ಲ ಕಿತ್ತು ಬಂತು. ಬ್ಯಾಡ್ಜ್ ಬಿಡಲಿಲ್ಲ.

ಹೋದ ವಾರ ಅವನೇ ಫೋನ್ ಮಾಡಿದ್ದ. ಹೆಸರು ಮುಚ್ಚಿ ಹೇಳಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದ. ಹೇಳಿದ್ದೇನೆ. ಇನ್ನು ನಿಮ್ಮ ಕೆಲಸ. ಮುಂದಕ್ಕೆ ಕಳಿಸಿ. ಮಕ್ಕಳಿಗೆ ಗಾಡಿ ಕೊಡಿಸುವವರಿಗೆ ಮೊದಲು ಕಳಿಸಿ. ಒಬ್ಬೊಬ್ಬರೇ ಕಿವಿಗೆ ಹಿಡಿದು ಕೇಳಬೇಡಿ, ಸ್ಪೀಕರಿಗೆ ಹಾಕಿ, ಎಲ್ಲರೂ ಊಟಕ್ಕೆ ಕೂತಿರುವಾಗ.