ನಿಲ್ಲದೆ ನಾಲ್ಕು ಮಹಡಿ

ಮೆಟ್ಟಿಲು ಹತ್ತಿ ಮೂರನೆಯ ಮಹಡಿ ತಲುಪಿದ್ದೇ ತಡ, ಲಿಫ್ಟಣ್ಣ ಇವತ್ತೂ ನಿಂತುಬಿಟ್ಟ. ಬಲಗೈ ತಾನಾಗಿಯೇ ಮೇಲೆದ್ದು, ಅಲ್ಲಿ ಇಲ್ಲವೇ ಇಲ್ಲದ ಲಿಫ್ಟಿನ ಜಾಲರಿ ಬಾಗಿಲನ್ನು ಪಕ್ಕಕ್ಕೆ ಸರಿಸಿತು.

"ಹೋಯ್ತು!" ಎಂದಳು, ಕೆಳಗೆ ಮೆಟ್ಟಿಲು ಒರೆಸುತ್ತಿದ್ದ ಹೆಂಗಸು. "ಇಳೀರಿ ಕೆಳಗೆ. ಮೊದಲಿಂದ ಶುರು."

"ಉಸಿರು ಕೈಕೊಡ್ತು ಅಕ್ಕಾ."

"ಸುಳ್ಳು ಹೇಳಬೇಡಿ. ಮೊದಲನೇ ದಿನ ಹತ್ತು ಮೆಟ್ಟಿಲಿಗೇ ಮೀನಿನ ಹಾಗೆ ಬಾಯಿ ಬಿಡ್ತಿದ್ರಿ. ಈಗ ನೋಡಿ, ನಿಂತ್ಕೊಂಡು ನನ್ನ ಹತ್ರ ವಾದ ಮಾಡ್ತಿದೀರಿ. ಉಸಿರಿಲ್ಲದೋರು ವಾದ ಮಾಡ್ತಾರಾ?"

ಅವಳು ಹೇಳಿದ್ದು ನಿಜವೇ. ಈ ಹತ್ತಂತಸ್ತಿನ ಕಚೇರಿ ಕಟ್ಟಡದಲ್ಲಿ ಮೂವತ್ತೊಂದು ವರ್ಷ ಲಿಫ್ಟಿನ ಸ್ಟೂಲಿನ ಮೇಲೆ ಕೂತು ಊರವರನ್ನೆಲ್ಲ ಮೇಲೆ ಕೆಳಗೆ ಸಾಗಿಸಿದ ಮಹಾಶಯ, ಗೋಡೆಯಾಚೆಗಿನ ಮೆಟ್ಟಿಲನ್ನು ಒಮ್ಮೆಯೂ ತುಳಿದವನಲ್ಲ. ಎಡ ಶ್ವಾಸಕೋಶದಲ್ಲಿ ಗಡ್ಡೆ ಸಿಕ್ಕ ಮೇಲೆ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಕ್ಯಾನ್ಸರ್. ಎಡಗಡೆ ಅರ್ಧ ತೆಗೀಬೇಕು. ಉಳಿದದ್ದು ನಿಮ್ಮ ಸಂಸಾರ ತೂಗಿಸ್ಬೇಕು, ಅದಕ್ಕೆ ಮೊದಲು ಅದನ್ನ ಗಟ್ಟಿ ಮಾಡ್ಕೊಳ್ಳಿ. ರಜೆ ಹಾಕಿ, ಮೂರು ವಾರ ಮೆಟ್ಟಿಲು ಹತ್ತಿ. ಆಮೇಲೆ ನನ್ನ ಜೊತೆ ಆಸ್ಪತ್ರೆಯಲ್ಲಿ ನಾಲ್ಕು ಮಹಡಿ ನಿಲ್ಲದೆ ಹತ್ತಿದ್ರೆ ಆಪರೇಷನ್. ಇಲ್ಲ ಅಂದ್ರೆ ಬೇರೆ ಏನಾದ್ರೂ ಯೋಚನೆ ಮಾಡೋಣ." ಆ 'ಬೇರೆ ಏನಾದ್ರೂ' ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ, ಇವನು ಕೇಳಲೂ ಇಲ್ಲ. ಆ ಪರೀಕ್ಷೆ ನಾಳೆಯೇ.

ಮೊದಲ ವಾರ ಎಲ್ಲ ಮಹಡಿಯಲ್ಲೂ ನಿಲ್ಲುತ್ತಿದ್ದ. "ಒಂದನೇ ಮಹಡಿ" ಎಂದು ಕೂಗಿ, ಜನ ಇಳಿಯುವಷ್ಟು ಹೊತ್ತು ಬಿಟ್ಟು, ಆಮೇಲೆ ಮುಂದಿನ ಹೆಜ್ಜೆ. ಅದನ್ನು ನೋಡಿ ಅವಳು ಬಕೆಟ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಮೇಲೆ ತಾನೇ ಗುರುವಾಗಿ ನಿಂತು, ಗದರಿಸಿ ಗದರಿಸಿ ಒಂದು, ಎರಡನ್ನು ಬಿಡಿಸಿದ್ದಳು. ಮೂರು ಮಾತ್ರ ಬಿಡಲಿಲ್ಲ.

"ಮೂರರಲ್ಲಿ ಯಾರಿದಾರೆ ಅಣ್ಣಾ?" ಎಂದಳು ಈಗ, ದನಿ ತಗ್ಗಿಸಿ.

ಲಿಫ್ಟಣ್ಣ ಒದ್ದೆ ಮೆಟ್ಟಿಲ ಮೇಲೆಯೇ ಕೂತ. "ನನ್ನ ಹೆಂಡತಿ. ಇಲ್ಲೇ ಟೆಲಿಫೋನ್ ಆಪರೇಟರ್ ಆಗಿದ್ಲು. ಬೆಲ್ ಆಗಲಿ ಬಿಡಲಿ, ಮಧ್ಯಾಹ್ನ ಒಂದು ಗಂಟೆಗೆ ಲಿಫ್ಟು ಮೂರರಲ್ಲಿ ನಿಲ್ತಿತ್ತು. ಒಳಗಿದ್ದೋರು ಬಾಯಿಗೆ ಬಂದಂಗೆ ಬೈತಿದ್ರು. ಬಾಗಿಲು ತೆಗೆದ್ರೆ ಅವಳು ನಿಂತಿರ್ತಿದ್ಲು. ಮದುವೆಗೆ ಮುಂಚೆನೂ ಅಷ್ಟೇ, ಆಮೇಲೂ ಅಷ್ಟೇ. ಅವಳು ತೀರಿಕೊಂಡು ಆರು ವರ್ಷ ಆಯ್ತು. ರಜೆ ಹಾಕೋವರೆಗೂ ಒಂದು ಗಂಟೆಗೆ ನಿಲ್ಲಿಸಿ, ಬಾಗಿಲು ತೆಗೆದು, ಹತ್ತು ಎಣಿಸಿ ಮುಚ್ತಿದ್ದೆ. ನಿಲ್ಲದೆ ಹೋದ್ರೆ ಬೇಜಾರು ಮಾಡ್ಕೋತಾಳೆ ಅಕ್ಕಾ."

ಅವಳು ಬಟ್ಟೆ ಹಿಂಡಿದಳು. ಹಿಂಡಿದ್ದನ್ನೇ ಇನ್ನೊಮ್ಮೆ ಹಿಂಡಿದಳು.

"ಮಾಡ್ಕೊಳ್ಳಲಿ," ಎಂದಳು ಕೊನೆಗೆ. "ಬದುಕಿರೋರ ಮೇಲೆ ತಾನೇ ಯಾರಾದ್ರೂ ಬೇಜಾರು ಮಾಡ್ಕೊಳ್ಳೋದು? ಏಳಿ."

ಅವನು ಕೆಳಗಿಳಿದು ಮತ್ತೆ ಹತ್ತತೊಡಗಿದ. ಈಗಷ್ಟೇ ಒರೆಸಿದ ಮೆಟ್ಟಿಲುಗಳ ಮೇಲೆ ಕಿಟಕಿಯ ಬೆಳಕು ಬಿದ್ದು, ಕಲ್ಲೆಲ್ಲ ನೀರಾಗಿ ಕಾಣುತ್ತಿತ್ತು. ಕಾಲಿಟ್ಟರೆ ಮುಳುಗಬೇಕು, ಮುಳುಗುತ್ತಿರಲಿಲ್ಲ. ಗೋಡೆಯಾಚೆ ಅವನ ಲಿಫ್ಟು ಗುಂಯ್ಗುಡುತ್ತ ಅವನ ಜೊತೆಗೇ ಏರುತ್ತಿತ್ತು. ಒಳಗೆ ಅವನ ಬದಲಿಗೆ ವಾಚ್‌ಮನ್ ಕೂತಿದ್ದ. ಒಂದನೆಯ ಮಹಡಿಯ ಹೊತ್ತಿಗೆ ಬೆನ್ನ ಹಿಂದೆ ಜನ ಸೇರಿಕೊಂಡಂತೆನಿಸಿತು. ಸದಾ ಕೊಡೆ ಹಿಡಿದಿರುತ್ತಿದ್ದ ಗುಮಾಸ್ತ, ಫೈಲುಗಳನ್ನು ಎದೆಗವುಚಿಕೊಂಡ ಹುಡುಗಿ, ಅತ್ತರಿನ ಘಮದ ವಕೀಲರು. ಮೂವತ್ತೊಂದು ವರ್ಷದ ಜನ, ಒಬ್ಬರ ಉಸಿರು ಒಬ್ಬರಿಗೆ ತಾಗುವಂತೆ ಒತ್ತಿಕೊಂಡು ನಿಂತಿದ್ದರು. "ನಂದು ಎರಡು," ಎಂದರು ಯಾರೋ. "ಇವತ್ತು ಇಲ್ಲ ಸಾರ್," ಎಂದ ಲಿಫ್ಟಣ್ಣ, ಬಹಳ ಮರ್ಯಾದೆಯಿಂದ. ಯಾರೂ ಜಗಳ ಮಾಡಲಿಲ್ಲ.

ಎದೆ ತಿದಿಯ ಹಾಗೆ ಒತ್ತುತ್ತಿತ್ತು, ಆದರೂ ಲಯ ತಪ್ಪಿರಲಿಲ್ಲ. ಮೇಲೆ ಮೂರನೆಯ ಮಹಡಿ ಕಾಣಿಸಿತು. ಅವಳು ಅಲ್ಲಿದ್ದಳು. ಹೆಗಲಿಗೆ ಚೀಲ, ಇಡೀ ಬೆಳಗ್ಗೆ ಹೆಡ್‌ಫೋನ್ ಒತ್ತಿ ಕೂದಲಲ್ಲಿ ಬಿದ್ದ ಗೆರೆ, ತಡವಾಯಿತೆಂಬ ಆ ಹುಸಿಮುನಿಸು. ಅವನಿಗೆ ಅವಳು ಎಷ್ಟು ಬೇಕಾಗಿದ್ದಳೆಂದರೆ ಬಲಗೈ ತಾನಾಗಿಯೇ ಬಾಗಿಲು ಸರಿಸಲು ಮೇಲೆದ್ದಿತು. ಎದ್ದ ಕೈಯನ್ನು ಅವನು ಕಂಬಿಯ ಮೇಲಿಟ್ಟ, ಬಿಗಿಯಾಗಿ ಹಿಡಿದ, ಮುಂದಿನ ಮೆಟ್ಟಿಲಿಗೆ ತನ್ನನ್ನು ತಾನೇ ಎಳೆದುಕೊಂಡ.

ಬಕೆಟ್ಟನ್ನು ಅಲ್ಲೇ ಬಿಟ್ಟು ಹೆಂಗಸು ಮೆಟ್ಟಿಲೇರಿ ಓಡಿಬಂದಳು. ನಾಲ್ಕನೆಯ ಮಹಡಿಯ ಕಿಟಕಿಗೆ ಒರಗಿ ಅವನು ನಿಂತಿದ್ದ. ಉಸಿರು ಒಂದೇ ಸಮನಾಗಿತ್ತು. ಕಣ್ಣಿಂದ ನೀರು ಧಾರಾಕಾರವಾಗಿ ಹರಿಯುತ್ತಿತ್ತು.

"ಹತ್ತಿಬಿಟ್ರಲ್ಲ ಲಿಫ್ಟಣ್ಣಾ! ಮತ್ಯಾಕೆ ಅಳ್ತೀರಿ? ಎದೆ ನೋಯ್ತಿದ್ಯಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಅವಳು ಲಿಫ್ಟು ಹತ್ತೋಕೆ ಅಂತ ಕಾಲೆತ್ತಿದ್ಲು ಅಕ್ಕಾ," ಎಂದ. "ನಾನು ನಿಲ್ಲಲಿಲ್ಲ."