ಶೀನಪ್ಪ ಡಾಕ್ಟರ ಓಟು

ಟ್ಯಾಬಿಗೆ ಬಂದಿದ್ದ ಪ್ರಣಾಳಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ ಡೊರೊತಿ ಒಂದು ಸಾಲನ್ನು ನುಂಗಿಕೊಂಡು ಮುಂದಕ್ಕೆ ಹೋದಳು. ಎದುರಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದ ಶೀನಪ್ಪ ಡಾಕ್ಟರಿಗೆ ಅದು ಗೊತ್ತಾಗಲಿಲ್ಲ.

ಡಾಕ್ಟರಿಗೆ ಎಂಬತ್ತೆರಡು. ಇಂಗ್ಲೆಂಡಿನ ಡರ್ಬಿಯಲ್ಲಿ ಮೂವತ್ತೈದು ವರ್ಷ ದುಡಿದು, ಹೆಂಡತಿ ಚಂದ್ರಮತಿ ತೀರಿಕೊಂಡ ಮೇಲೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿದ್ದ ಮಗ ಪೃಥ್ವಿರಾಜನ ಫ್ಲ್ಯಾಟಿಗೆ ಬಂದವರು. ಬಾಗಿಲು, ಕಿಟಕಿ, ಮನುಷ್ಯರ ಆಕಾರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಹಗಲು ಅವರನ್ನು ನೋಡಿಕೊಳ್ಳುವ ಉಡುಪಿ ಕಡೆಯ ಶಿರ್ವದ ನರ್ಸ್ ಡೊರೊತಿಯೇ ಏಳು ತಿಂಗಳಿಂದ ಅವರ ಕಣ್ಣು.

ಬ್ರಿಟನ್ನಿನ ಚುನಾವಣೆಯಲ್ಲಿ ಅವರ ಪಕ್ಷ ಮಣ್ಣು ಮುಕ್ಕಿತ್ತು. ಮರುದಿನವೇ ನಾಯಕ ರಾಜೀನಾಮೆ ಕೊಟ್ಟಿದ್ದ. ಆ ಸ್ಥಾನಕ್ಕೆ ನಿಂತವರಲ್ಲಿ ಕೊನೆಗೆ ಉಳಿದದ್ದು ಒಬ್ಬ ಗಂಡಸು, ಒಬ್ಬಳು ಹೆಂಗಸು. ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾದವರು ಪಕ್ಷದ ಸದಸ್ಯರು. ಡಾಕ್ಟರು ನಲವತ್ತೊಂದು ವರ್ಷದ ಸದಸ್ಯ. ಒಂದು ಕಾಲಕ್ಕೆ ಡರ್ಬಿಯ ಕೌನ್ಸಿಲರ್ ಕೂಡ ಆಗಿದ್ದವರು. ಸೋತ ಪಕ್ಷಕ್ಕೆ ಯಾರು ನಾಯಕರಾದರೆ ನಮಗೇನು ಎಂದು ನಕ್ಕು ಪೃಥ್ವಿರಾಜ್ ಬೆಳಿಗ್ಗೆಯೇ ಕೆಲಸದ ಮೇಲೆ ಅಲ್ ಐನ್‌ಗೆ ಹೋಗಿದ್ದ. ಓಟಿನ ಗಡುವು ಆ ದಿನ ಮಧ್ಯಾಹ್ನ ಮೂರು ಗಂಟೆ. ಆಗಲೇ ಎರಡೂವರೆ.

"ಮೊದಲಿನವನಿಗೆ ಒತ್ತು," ಎಂದರು ಡಾಕ್ಟರು. ಅವನ ಭಾಷಣವನ್ನು ಒಮ್ಮೆ ಎದುರಿಗೇ ಕೇಳಿದ್ದರಂತೆ, ಕೈ ಕುಲುಕಿದ್ದರಂತೆ. ನೇರ ಮಾತಿನ ಮನುಷ್ಯನಂತೆ.

ಪಕ್ಷ ಕಳಿಸಿದ್ದ ಓಟಿನ ಕೋಡನ್ನು ಡೊರೊತಿ ಟ್ಯಾಬಿನಲ್ಲಿ ಹಾಕಿದಳು. ಒಂದರ ಕೆಳಗೊಂದು ಎರಡು ಹೆಸರು ಬಂದವು. ಅವಳ ಬೆರಳು ತಾನಾಗಿ ಕೆಳಗಿನ ಹೆಸರಿನ ಹತ್ತಿರ ಹೋಗಿ ನಿಂತಿತು. ಒಮ್ಮೆ ಮುಟ್ಟಿದರೆ ಮುಗಿಯಿತು, ಕೇಳುವವರಿಲ್ಲ. ಅವಳು ಓದದೆ ಬಿಟ್ಟ ಸಾಲು ಆ ಮೊದಲಿನವನದು: ನಾವು ಮತ್ತೆ ಅಧಿಕಾರಕ್ಕೆ ಬಂದರೆ, ವೃದ್ಧಾಶ್ರಮಗಳ ಕೆಲಸಕ್ಕೆ ಬಂದ ವಿದೇಶಿಯರು ಕರೆಸಿಕೊಂಡಿರುವ ಸಂಸಾರಗಳ ವಿಸಾ ನವೀಕರಿಸುವುದಿಲ್ಲ. ಡೊರೊತಿಯ ಮಗಳು ಕ್ಯಾರಲ್ ಇಂಗ್ಲೆಂಡಿನಲ್ಲಿ ಅದೇ ಕೆಲಸದಲ್ಲಿದ್ದಳು. ಅಳಿಯ ಶರ್ವಿನ್ ಮಗುವನ್ನು ಕರಕೊಂಡು ಹೆಂಡತಿಯ ಹಿಂದೆ ಹೋಗಿದ್ದ. ಮೊಮ್ಮಗ ಪ್ರಿಯನ್ ಮೊನ್ನೆಯಷ್ಟೇ ಅಲ್ಲಿಯ ಶಾಲೆಗೆ ಸೇರಿದ್ದ.

ಮದ್ದಿನ ಬಾಟಲಿಯ ಚೀಟಿಯಿಂದ ಹಿಡಿದು ಕಾಪುವಿನಲ್ಲಿದ್ದ ಅವರ ತಂಗಿಯ ಕಾಗದದ ತನಕ, ಅವಳು ಓದಿ ಹೇಳಿದ ಯಾವುದನ್ನೂ ಈ ಮುದುಕರು ಇನ್ನೊಬ್ಬರ ಕೈಯಲ್ಲಿ ಮತ್ತೆ ಓದಿಸಿದವರಲ್ಲ. ಡೊರೊತಿ ಬೆರಳು ಹಿಂದಕ್ಕೆ ತೆಗೆದಳು.

"ಡಾಕ್ಟ್ರೇ, ಒಂದು ಸಾಲು ನಾನು ನಿಮಗೆ ಓದಿ ಹೇಳ್ಲಿಲ್ಲ," ಎಂದು ಆ ಸಾಲನ್ನು ಓದಿದಳು. ಡಾಕ್ಟರು ತಲೆಯಾಡಿಸಿದರು. ಬಂದವರನ್ನೆಲ್ಲ ಇಟ್ಟುಕೊಳ್ಳಲು ಯಾವ ದೇಶಕ್ಕೆ ತಾನೇ ಆಗುತ್ತದೆ, ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ ಎಂದರು. ಆಮೇಲೆ ಅವಳ ಕಡೆ ಮುಖ ತಿರುಗಿಸಿದರು.

"ನೀನು ಎಂತಕ್ಕೆ ಬಿಟ್ಟದ್ದು ಅದನ್ನು?"

"ನನ್ನ ಕ್ಯಾರಲ್ ಅಲ್ಲಿ ಉಂಟಲ್ಲ. ಅಳಿಯ, ಮಗು ಈಗ ಅವಳೊಟ್ಟಿಗೇ ಇರುದು. ಅವನಿಗೆ ಒತ್ಲಿಕ್ಕೆ ನನ್ನ ಕೈ ಬರುದಿಲ್ಲ ಡಾಕ್ಟ್ರೇ. ಇನ್ನೊಬ್ಬಳಿಗೆ ಒತ್ತಿ ನಿಮ್ಮತ್ರ ಸುಳ್ಳು ಹೇಳ್ಲಿಕ್ಕೂ ಆಗುದಿಲ್ಲ."

ಮಗಳು ಅಲ್ಲಿರುವುದು ಡಾಕ್ಟರಿಗೆ ಗೊತ್ತಿತ್ತು. ಜೊತೆಗೆ ಯಾರಿದ್ದಾರೆಂದು ಅವರು ಯಾವತ್ತೂ ಕೇಳಿರಲಿಲ್ಲ. ನಾಳೆಯಿಂದ ಬರುವುದು ಬೇಡ ಎನ್ನುತ್ತಾರೇನೋ ಎಂದು ಡೊರೊತಿ ಸೆರಗಿಲ್ಲದ ಯೂನಿಫಾರ್ಮಿನ ಅಂಚನ್ನೇ ಹಿಡಿದು ನಿಂತಿದ್ದಳು.

ಕೊನೆಗೆ ಅವರು ಹೇಳಿದ್ದು ಬೇರೆಯೇ ಮಾತು. ಎಪ್ಪತ್ತೊಂದನೆಯ ಇಸವಿಯಲ್ಲಿ ಚಂದ್ರಮತಿ ಹನ್ನೊಂದು ತಿಂಗಳ ಪೃಥ್ವಿಯನ್ನು ಎತ್ತಿಕೊಂಡು ಲಂಡನ್ನಿಗೆ ಬಂದಿಳಿದಾಗ, ವಿಮಾನ ನಿಲ್ದಾಣದಲ್ಲಿ ಕಾಗದಪತ್ರ ಸರಿಯಿಲ್ಲವೆಂದು ನಾಲ್ಕು ಗಂಟೆ ಕೂರಿಸಿದ್ದರಂತೆ. ವಾಪಸು ಕಳಿಸುತ್ತಾರೋ ಒಳಗೆ ಬಿಡುತ್ತಾರೋ ಗೊತ್ತಿಲ್ಲ. ಡಾಕ್ಟರು ಗಾಜಿನ ಈಚೆ ನಿಂತಿದ್ದರು.

"ಮಗು ಕೂಗುದು ಕಾಣ್ತಿತ್ತು," ಎಂದರು. "ಕೇಳ್ತಿರ್ಲಿಲ್ಲ."

ಮೂರಕ್ಕೆ ಹತ್ತು ನಿಮಿಷ ಇದೆ ಎಂದು ಡೊರೊತಿ ಮೆಲ್ಲಗೆ ನೆನಪಿಸಿದಳು. ಡಾಕ್ಟರು ಬಲಗೈ ಮುಂದೆ ಚಾಚಿದರು.

"ನನ್ನ ಬೆರಳು ಹಿಡಿದು ಒಂದನೆಯದು ಎಲ್ಲಿ, ಎರಡನೆಯದು ಎಲ್ಲಿ ಅಂತ ತೋರ್ಸು. ತೋರ್ಸಿದ ಮೇಲೆ ನೀನು ಆ ಕಿಟಕಿ ಹತ್ರ ಹೋಗಿ ನಿಲ್ಲು."

ಆ ಬೆರಳನ್ನು ತೆರೆಗೆ ತಾಗದ ಹಾಗೆ ಮೇಲಿನ ಹೆಸರಿಗೆ ಒಮ್ಮೆ, ಕೆಳಗಿನದಕ್ಕೆ ಒಮ್ಮೆ ಹಿಡಿದು ತೋರಿಸಿ, ಡೊರೊತಿ ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ಸಿಗ್ನಲ್ ಎರಡು ಸಲ ಹಸಿರಾಗಿ ಕೆಂಪಾಯಿತು. ಡಾಕ್ಟರು ಆಯಿತು ಎಂದ ಮೇಲೆ ಬಂದು ನೋಡಿದರೆ, ಓಟು ಸಂದಿದೆ, ಧನ್ಯವಾದ ಎಂದಷ್ಟೇ ಇತ್ತು. ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಹಿಂದಿನಂತೆಯೇ ಮೂರೂವರೆಗೆ ಚಾ ಮಾಡಿ ಕೊಟ್ಟಳು. ಮರುದಿನವೂ ಬಂದಳು.

ವಾರದ ನಂತರ ಫಲಿತಾಂಶ ಬಂತು. ಡೊರೊತಿಯೇ ಓದಿ ಹೇಳಬೇಕಾಯಿತು. ಗೆದ್ದದ್ದು ಮೊದಲಿನವನು. ಈ ಸಲ ಒಂದು ಸಾಲೂ ಬಿಡದೆ ಅವಳು ಪೂರ್ತಿ ಓದಿದಳು.

ಎಷ್ಟು ಓಟಿನ ಅಂತರ ಎಂದು ಡಾಕ್ಟರು ಕೇಳಿದರು. ಹನ್ನೊಂದು ಸಾವಿರದ ಮೇಲೆ ಎಂದಳು.

ಅವರು ಕೈ ತಡಕಾಡಿ ಅವಳ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡರು.

"ನಮ್ಮ ಒಂದು ಓಟು ಎಲ್ಲಿಗೆ ಸಾಕಾಗ್ತದೆ, ಡೊರೊತಿ."