ಬ್ರೇಕಿನ ಮೇಲಿನ ಕಾಲು

"ರಿವರ್ಸ್ ಆಯ್ತು. ಈಗ ಡ್ರೈವ್ ಹಾಕು" ಎಂದ ಮೆಕ್ಯಾನಿಕ್ ಗಂಡ. ನಿನ್ನೆ ಜಗಳವಾಡಿದ ಮೇಲೆ ಇಬ್ಬರೂ ಮಾತು ಬಿಟ್ಟಿದ್ದರು. ಆದರೆ ಹೊಸದಾಗಿ ಕೂರಿಸಿದ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಆಯಿಲ್ ತುಂಬಲು ಇಬ್ಬರು ಬೇಕೇ ಬೇಕು. ಎಂಜಿನ್ ಓಡುವಾಗ ಒಬ್ಬರು ಬ್ರೇಕ್ ಒತ್ತಿ ಗೇರು ಬದಲಿಸಬೇಕು, ಇನ್ನೊಬ್ಬರು ಅದು ಕುಡಿದಷ್ಟೂ ಸುರಿಯಬೇಕು.

ಕಾಲು ಜಾರಿದರೆ ಕಾರು ಮುಂದಕ್ಕೇ ನುಗ್ಗುತ್ತದೆ. ಬೇರೆ ಯಾರೇ ಒಳಗೆ ಕೂತರೂ ಅವನು ಪಕ್ಕದಿಂದಲೇ ಬಗ್ಗಿ ಸುರಿಯುವವನು. ಇವತ್ತು ಎತ್ತಿದ ಬಾನೆಟ್ಟಿನ ಸಂದಿಯಲ್ಲಿ ಅವನ ಅಂಗಿ ನೇರ ಎದುರಿಗೇ ಕಾಣುತ್ತಿತ್ತು.

"ಪಕ್ಕಕ್ಕೆ ಸರೀರಿ" ಎಂದಳು ಹೆಂಡತಿ. "ನನಗಿನ್ನೂ ಸಿಟ್ಟು ಇಳಿದಿಲ್ಲ."

"ನಿನ್ನ ಸಿಟ್ಟು ಇರೋದು ಮೂಗಿನ ತುದೀಲಿ, ಕಾಲಲ್ಲಲ್ಲ. ಹಾಕು."

ಅವಳು ಎಡಗಾಲನ್ನೂ ಬಲಗಾಲಿನ ಮೇಲಿಟ್ಟು ಬ್ರೇಕ್ ಅದುಮಿದಳು. ಆಮೇಲೆ ಡ್ರೈವ್ ಹಾಕಿದಳು.